ಮಾವನ ಎದುರುಪಕ್ಷ

ನಮ್ಮ ಸೋದರಮಾವ ಶಾಸಕರಾಗುವ ಮೊದಲು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿ ಈಗಲೂ ಇದೆ. ಅದರ ಗಾಜಿನ ಬಾಗಿಲ ಮೇಲೆ ಮಾವನ ಹೆಸರು, ಹೆಸರಿನ ಕೆಳಗೆ ಶಾಲಾ ಮಂಡಳಿಯ ಸದಸ್ಯರು ಅಂತ ಒಂದು ಸಾಲು, ಆಮೇಲೆ ಶಾಸಕರು ಅಂತ ಇನ್ನೊಂದು ಸಾಲು ಬಂದು, ಜಾಗ ಸಾಲದೆ ಕೊನೆಗೆ ಕನ್ನಡಕದ ಚಿತ್ರವನ್ನೇ ಕೆರೆದು ತೆಗೆಸಬೇಕಾಯಿತು. ಕಣ್ಣು ಮಂಜಾಗಿ ಬಂದವರು ಬಾಗಿಲಲ್ಲಿ ನಿಂತು, ಇದು ಅಂಗಡಿಯೋ ಕಚೇರಿಯೋ ಅಂತ ಕೇಳುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ನಾನು ಎರಡಕ್ಕೂ ಹೂಂ ಅನ್ನುತ್ತಿದ್ದೆ.

ಅಂಗಡಿಯ ಹಿಂಭಾಗದಲ್ಲಿ ಕಣ್ಣು ಪರೀಕ್ಷೆಯ ಕೋಣೆ. ಉದ್ದಕ್ಕೆ, ಕಿರಿದಾಗಿ, ಕಿಟಕಿಯಿಲ್ಲದ ರೈಲುಡಬ್ಬಿಯ ಹಾಗೆ. ಒಂದು ತುದಿಯಲ್ಲಿ ಮೇಲೆ ಕೆಳಗೆ ಮಾಡುವ ಕುರ್ಚಿ. ಇನ್ನೊಂದು ತುದಿಯಲ್ಲಿ ಅಕ್ಷರಗಳ ಫಲಕ, ಅದರ ನೆತ್ತಿಗೊಂದು ದೀಪ. ಮಾವ ಭಾಷಣ ಅಭ್ಯಾಸ ಮಾಡುತ್ತಿದ್ದದ್ದು ಈ ಕೋಣೆಯಲ್ಲಿ. ಅವರು ಕುರ್ಚಿಯಲ್ಲಿ ಕಾಲು ಚಾಚಿ ಕೂರುವರು. ನಾನು ಫಲಕದ ಪಕ್ಕ, ದೀಪದ ಕೆಳಗೆ.

ಪದವಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದ ನನ್ನನ್ನು ಮಾವನೇ ಕರೆದು ಈ ಕೆಲಸಕ್ಕೆ ಹಚ್ಚಿದ್ದು. ಅವರಿಗೆ ಬಾಯಿ ಇತ್ತು, ಬರಹ ಇರಲಿಲ್ಲ. ನನಗೆ ಬರಹ ಇತ್ತು, ಬಾಯಿ ಇರಲಿಲ್ಲ. ಬಸ್ಸಿನಲ್ಲಿ ಇಳಿಯುತ್ತೇನೆ ಅಂತ ಕೂಗಿ ಹೇಳಲು ನಾಚಿ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು.

ಅವರ ಕೆಲಸದ ಕ್ರಮವೇ ಬೇರೆ. ಅವರ ಭಾಷಣವನ್ನಷ್ಟೇ ಬರೆದರೆ ಸಾಲದು, ಎದುರಿನವರ ಭಾಷಣವನ್ನೂ ನಾನೇ ಬರೆಯಬೇಕು. ಬರೆದು, ದೀಪದ ಕೆಳಗೆ ನಿಂತು, ಗಟ್ಟಿಯಾಗಿ ಓದಬೇಕು. ಅವರು ಕುರ್ಚಿಯಿಂದ ಉತ್ತರ ಕೊಡುವರು.

"ಎದುರಿನವನದ್ದು ನನ್ನದಕ್ಕಿಂತ ಚೆನ್ನಾಗಿರ್ಬೇಕು ಮರಿ," ಎಂದು ಮೊದಲ ದಿನವೇ ಹೇಳಿದ್ದರು. "ಇಲ್ಲಿ ನೀನು ನನ್ನ ಅಕ್ಕನ ಮಗಳಲ್ಲ. ನನಗೆ ಮಣ್ಣು ಮುಕ್ಕಿಸೋಕೆ ಬಂದವಳು. ಕರುಣೆ ತೋರಿಸಿದ್ಯೋ, ಅಲ್ಲಿ ಸಭೆಯಲ್ಲಿ ಎಲ್ರ ಮುಂದೆ ಪೆಚ್ಚಾಗೋನು ನಾನು."

ಆ ಕೋಣೆಯಲ್ಲಿ ನನಗೆ ಎಲ್ಲಿಂದಲೋ ಧ್ವನಿ ಬರುತ್ತಿತ್ತು. "ಮಾನ್ಯ ಶಾಸಕರು ನಿದ್ದೆಯಿಂದ ಎದ್ದು ಉತ್ತರಿಸಲಿ!" ಎಂದು ನಾನು ಒಮ್ಮೆ ಕೂಗಿದಾಗ ಮಾವ ನಕ್ಕು ನಕ್ಕು ಕುರ್ಚಿಯ ಹಿಡಿಕೆ ಒತ್ತಿಬಿಟ್ಟು, ಕುರ್ಚಿ ಸುಯ್ ಅಂತ ನೆಲಕ್ಕಿಳಿದಿತ್ತು. "ಕೆಳಗಿಳಿಸೇಬಿಟ್ಯಲ್ಲೇ!" ಎಂದು ಅಲ್ಲಿಂದಲೇ ಕೂಗಿದ್ದರು. ನನ್ನನ್ನು ಅವರು 'ಎದುರುಪಕ್ಷ' ಅಂತಲೇ ಕರೆಯತೊಡಗಿದ್ದು ಆಮೇಲೆ.

ಅಮ್ಮನ ಶಾಲೆ ಹಳೆಯ ಗೋದಾಮುಗಳ ಹಿಂದೆ ಇದೆ. ತಗಡಿನ ಮಾಡು, ನಾಲ್ಕು ಕೋಣೆ, ಒಂದು ಹ್ಯಾಂಡ್‌ಪಂಪು. ಅಮ್ಮ ಅಲ್ಲಿ ಮುಖ್ಯೋಪಾಧ್ಯಾಯಿನಿ. ಜೊತೆಗೆ ಮೂರನೇ ಮತ್ತು ನಾಲ್ಕನೇ ತರಗತಿಗೆ ಒಂದೇ ಕೋಣೆಯಲ್ಲಿ ಪಾಠ. ನಾನು ಅದೇ ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಮಂಡಳಿಯವರು ಅದನ್ನು ಮುಚ್ಚಲು ಹೊರಟಿದ್ದರು. ಆಗ ಇನ್ನೂ ಬರೀ ಕನ್ನಡಕದವರಾಗಿದ್ದ ಮಾವ ಸಾರ್ವಜನಿಕರ ಸಾಲಿನಿಂದ ಎದ್ದು ನಿಂತು, ಬರೆದುಕೊಳ್ಳದೆ, ತೋಚಿದಂತೆ ಮಾತಾಡಿ ಶಾಲೆಯನ್ನು ಉಳಿಸಿದ್ದರು. ಮುಂದಿನ ವರ್ಷ ಮಂಡಳಿಗೆ ಗೆದ್ದರು. ಅಲ್ಲಿಂದ ಶಾಸನಸಭೆಗೆ. ಮೂರು ಚುನಾವಣೆಯಲ್ಲೂ ಅವರ ಭಿತ್ತಿಪತ್ರದಲ್ಲಿದ್ದದ್ದು ಒಂದೇ ಚಿತ್ರ: ಅಮ್ಮನ ಶಾಲೆಯ ಗೇಟಿಗೆ ಕೈಯಿಟ್ಟು ನಿಂತ ಮಾವ. ಶಾಸಕರಾದ ಮೇಲೂ ಮಂಡಳಿಯ ಕುರ್ಚಿ ಬಿಡಲಿಲ್ಲ. "ಅದು ನನ್ನ ತವರು" ಎನ್ನುತ್ತಿದ್ದರು.

ಈ ವರ್ಷ ಅದೇ ಪ್ರಸ್ತಾಪ ಮತ್ತೆ ಬಂತು. ಚಿಕ್ಕ ಶಾಲೆಗಳನ್ನು ಹೆದ್ದಾರಿಯಾಚೆಯ ಹೊಸ ದೊಡ್ಡ ಶಾಲೆಗೆ ಸೇರಿಸುವುದು, ಅಮ್ಮನ ಶಾಲೆಯಿಂದಲೇ ಶುರು. ದೊಡ್ಡ ಶಾಲೆಗೆ ಮುಖ್ಯೋಪಾಧ್ಯಾಯರು ಈಗಾಗಲೇ ಇದ್ದರು. ಅಮ್ಮನಿಗೆ ಅಲ್ಲಿ ಜಾಗವಿಲ್ಲ, ಅವಧಿಗೆ ಮೊದಲೇ ನಿವೃತ್ತಿ. ಮಂಡಳಿಯಲ್ಲಿ ಮೂವರು ಮುಚ್ಚಬೇಕೆಂದರು, ಮೂವರು ಬೇಡವೆಂದರು. ಏಳನೆಯವರು ಮಾವ.

ಸುದ್ದಿ ತಿಳಿದ ಸಂಜೆ ಮಾವ ನಮ್ಮ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಮನೆಯೊಳಗೆ ಕುರ್ಚಿ ಇದ್ದರೂ ಅವರು ಕೂರುತ್ತಿದ್ದದ್ದು ಆ ಸ್ಟೂಲಿನ ಮೇಲೆಯೇ. ಚಿಕ್ಕವರಿದ್ದಾಗ ಅಮ್ಮ ಅವರಿಗೆ ಅಕ್ಷರ ಹೇಳಿಕೊಟ್ಟಿದ್ದು ಹಾಗೆ ಕೂರಿಸಿಕೊಂಡೇ ಅಂತೆ.

"ಅಕ್ಕಾ, ನಾನಿರೋವರೆಗೂ ನಿನ್ನ ಸ್ಕೂಲಿನ ಗಂಟೆ ನಿಲ್ಲಲ್ಲ."

"ಗಂಟೆಯ ನಾಲಿಗೆ ಬಿದ್ದುಹೋಗಿ ಯಾವ ಕಾಲ ಆಯ್ತು. ಈಗ ತಟ್ಟೆ ಬಡೀತೀವಿ," ಎಂದಳು ಅಮ್ಮ. "ಮೊದ್ಲು ಅದನ್ನ ಹಾಕಿಸ್ಕೊಡು, ಆಮೇಲೆ ಭಾಷಣ ಮಾಡು."

"ನಿನ್ನ ಬಾಯಿ ಒಂದು ನನಗಿದ್ದಿದ್ರೆ ಇಷ್ಟೊತ್ತಿಗೆ ಮಂತ್ರಿ ಆಗ್ತಿದ್ದೆ."

"ಆಗ್ತೀಯಂತಲ್ಲ, ಪೇಪರ್‌ನಲ್ಲಿ ಬಂದಿದೆ. ಸಂಪುಟಕ್ಕೆ ಹೊಸಬರನ್ನ ತಗೋತಾರಂತೆ."

"ಪೇಪರ್‌ನವರಿಗೆ ಬೇರೆ ಕೆಲ್ಸ ಇಲ್ಲ ಬಿಡು," ಎಂದು ಮಾವ ಎದ್ದರು. ಬಾಗಿಲಲ್ಲಿ ನಿಂತು ನನ್ನ ಕಡೆ ಬೆರಳು ತೋರಿಸಿದರು. "ಎದುರುಪಕ್ಷಕ್ಕೆ ಈ ಸಲ ಜೋರು ಕೆಲಸ ಇದೆ. ಬಾ ನಾಳೆ."

ಮಾವನ ಭಾಷಣವನ್ನು ನಾನು ಒಂದೇ ಉಸಿರಿಗೆ ಬರೆದೆ. ಆ ಶಾಲೆಯ ಹ್ಯಾಂಡ್‌ಪಂಪಿನ ಸದ್ದಿನಿಂದ ಹಿಡಿದು ಎಲ್ಲವೂ ನನ್ನ ಮೈಯಲ್ಲೇ ಇತ್ತು. ಕಷ್ಟವಾದದ್ದು ಎದುರಿನವರದ್ದು. ಬರೆದದ್ದನ್ನು ಓದಿದಾಗ ಮಾವ ಮುಖ ಹುಳ್ಳಗೆ ಮಾಡಿಕೊಂಡರು.

"ಇದೇನೇ ಇದು, ಸಪ್ಪೆ. ಅಂಕಿಸಂಖ್ಯೆ ಯಾರು ಬೇಕಾದ್ರೂ ಹೇಳ್ತಾರೆ. ಆ ಸ್ಕೂಲನ್ನ ಒಳಗಿನಿಂದ ಕಂಡವರು ಏನು ಹೇಳ್ತಾರೆ, ಅದು ಬೇಕು. ಅಕ್ಕ ಮನೇಲಿ ಏನೇನು ಗೊಣಗ್ತಾಳೆ? ಅದನ್ನೆಲ್ಲ ಹಾಕು."

"ಅದು ಅವರಿಗೆಲ್ಲ ಹೇಗೆ ಗೊತ್ತಾಗುತ್ತೆ ಮಾವ?"

"ಗೊತ್ತಿದೆ ಅಂತಲೇ ಇಟ್ಕೋ. ಅದಕ್ಕೂ ಉತ್ತರ ರೆಡಿ ಇದ್ರೆ ನನ್ನನ್ನ ಅಲ್ಲಾಡಿಸೋರು ಯಾರು?"

ಸರಿ ಅನ್ನಿಸಿತು. ಬರೆದೆ. ಮೂರನೇ ತರಗತಿಯವರು ಓದುವಾಗ ನಾಲ್ಕನೆಯವರು ಬಾಯಿಗೆ ಬೆರಳಿಟ್ಟು ಕೂರುವುದು, ನಾಲ್ಕನೆಯವರ ಸರದಿಗೆ ಮೂರನೆಯವರು. ಅಮ್ಮನ ಮೊಣಕಾಲು ಊದಿದ ದಿನ ಅವಳು ಮೇಜಿನ ಹಿಂದೆ ಕೂತೇ ಪಾಠ ಮಾಡುವುದು, ಕೊನೆಯ ಬೆಂಚಿನವರ ಬರಹ ಆ ದಿನ ಯಾರೂ ನೋಡದೆ ಇರುವುದು. ಮಸೂರಕ್ಕೆ ಬೂಷ್ಟು ಹಿಡಿದ ಸೂಕ್ಷ್ಮದರ್ಶಕ. ಮತ್ತು ಒಂದು ಸಂಜೆ ಬಟ್ಟೆ ಮಡಿಸುತ್ತ ಅಮ್ಮ ನನ್ನ ಕಡೆ ನೋಡದೆ ಹೇಳಿದ ಮಾತು: "ಈ ಮಕ್ಕಳಿಗೆ ನಾನು ಕೊಡ್ತಿರೋದು ಅರ್ಧ ಸ್ಕೂಲು ಕಣೇ." ಅದರ ಸುತ್ತ ನಾನು ಇಡೀ ವಾದ ಕಟ್ಟಿದೆ. ಪ್ರೀತಿ ಪೂರ್ತಿ ಇದೆ, ಶಾಲೆ ಅರ್ಧ ಇದೆ. ಮಕ್ಕಳಿಗೆ ಬೇಕಾದದ್ದು ಎರಡೂ ಪೂರ್ತಿ.

ಪ್ರತಿಯೊಂದಕ್ಕೂ ಉತ್ತರವನ್ನೂ ಬರೆದೆ. ಅದು ಮಾವನ ಪಾಲಿನದು.

ಅಭ್ಯಾಸದ ದಿನ ನಾನು ದೀಪದ ಕೆಳಗೆ ನಿಂತು ಎದುರಿನವರ ಭಾಷಣ ಓದಿದೆ. ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು.

"ನಿಮ್ಮ ಉತ್ತರ, ಮಾವ?"

"ಅದು ನನಗೆ ಬಾಯಿಪಾಠ. ನಿನ್ನದನ್ನ ಇನ್ನೊಂದ್ಸಲ ಓದು."

ಓದಿದೆ. ಮತ್ತೊಮ್ಮೆ ಅಂದರು. ಮತ್ತೆ ಓದಿದೆ. ಈ ಸಲ ಅವರ ತುಟಿ ನನ್ನ ಜೊತೆ ಜೊತೆಗೇ ಅಲ್ಲಾಡುತ್ತಿತ್ತು. ಕೊನೆಗೆ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ನೀನು ಇಲ್ಲೀವರೆಗೆ ಬರೆದದ್ದರಲ್ಲೇ ಇದು ಎಲ್ಲಕ್ಕಿಂತ ಮೇಲು ಮರಿ," ಎಂದರು. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಮ್ಮನಿಗೆ, ಗೆದ್ದ ಹಾಗೇ ಅಂತ ತಿಳ್ಕೋ, ಅಂದೆ. ಅಮ್ಮ ಶಾಲೆಗೆ ಹೋಗುವ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. "ನಿಮ್ಮಿಬ್ಬರ ಬಾಯಲ್ಲಿ ಸಿಕ್ಕಿ ಬದುಕೋರು ಯಾರು," ಎಂದು ನಕ್ಕಳು.

ಮಂಡಳಿಯ ಸಭೆ ಮಧ್ಯಾಹ್ನ, ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ. ಕುದುರೆ ಲಾಳದ ಆಕಾರದ ಮೇಜು, ಮಾತಾಡುವವರ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುವ ಮೈಕುಗಳು, ಮಡಿಚುವ ಕುರ್ಚಿಗಳಲ್ಲಿ ನಾವು ಸಾರ್ವಜನಿಕರು. ಅಧ್ಯಕ್ಷೆ ಹಲ್ಲಿನ ಡಾಕ್ಟರಾಗಿ ನಿವೃತ್ತರಾದವರು. ಮಾತು ಉದ್ದವಾದರೆ ಹಲ್ಲು ಕೀಳುವ ಮೊದಲಿನ ಮುಖ ಮಾಡುವರು. ಮುಚ್ಚಬೇಕೆಂಬ ಕಡೆಯ ಮುಂದಾಳು ಬೇಕರಿಯ ಮಾಲೀಕರು. ಅವರು ಮೊದಲು ಮಾತಾಡಿದರು. ಬರೀ ಅಂಕಿಸಂಖ್ಯೆ. ಸಪ್ಪೆ. ನಾನು ಒಳಗೊಳಗೇ ನಕ್ಕೆ.

ಆಮೇಲೆ ಮಾವನ ಮುಂದೆ ಕೆಂಪು ದೀಪ ಹೊತ್ತಿತು.

"ಇವತ್ತು ನಾನು ಪ್ರೀತಿಯ ವಿರುದ್ಧ ಮಾತಾಡೋಕೆ ನಿಂತಿದ್ದೇನೆ," ಎಂದು ಶುರುಮಾಡಿದರು.

ಅದು ಎದುರಿನವರ ಭಾಷಣದ ಮೊದಲ ಸಾಲು. ನನ್ನದು. ಎಷ್ಟು ಚತುರರು ನಮ್ಮ ಮಾವ ಅನ್ನಿಸಿತು. ಬೇಕರಿಯವರ ಕೈಲಾಗದ ವಾದವನ್ನು ತಾವೇ ಮೊದಲು ಮಂಡಿಸಿ, ಆಮೇಲೆ ತಾವೇ ಅದನ್ನು ಹೊಡೆದು ಕೆಡವುತ್ತಾರೆ. ಅಮ್ಮನ ಕಿವಿಯ ಹತ್ತಿರ ಬಾಗಿ, "ಆಮೇಲೆ ಉತ್ತರ ಕೊಡ್ತಾರೆ, ನೋಡ್ತಿರು," ಅಂದೆ.

ಬಾಯಿಗೆ ಬೆರಳಿಟ್ಟು ಕೂತ ಮಕ್ಕಳು ಬಂದರು. ಸೂಕ್ಷ್ಮದರ್ಶಕದ ಬೂಷ್ಟು ಬಂತು. ಮೊಣಕಾಲು ಬಂತು. ಅಲ್ಲಿ ಅಮ್ಮನ ಕೈ ತನ್ನಷ್ಟಕ್ಕೆ ಮೊಣಕಾಲನ್ನು ಮುಚ್ಚಿಕೊಂಡಿತು. ನಾನು 'ಆದರೆ' ಅನ್ನುವ ಮಾತಿಗಾಗಿ ಕಾದೆ. ನನ್ನ ಬರಹದಲ್ಲಿ ಅದು ಇನ್ನೇನು ಬರಬೇಕು.

"ಪ್ರೀತಿ ಪೂರ್ತಿ ಇದೆ, ಶಾಲೆ ಅರ್ಧ ಇದೆ," ಎಂದರು ಮಾವ. ನಂತರ ನಾನು ಬರೆಯದ ಒಂದು ಮಾತನ್ನು ಸೇರಿಸಿದರು. "ಇದು ನನ್ನ ಮಾತಲ್ಲ. ಈ ಮಕ್ಕಳಿಗೆ ನಾನು ಕೊಡ್ತಿರೋದು ಅರ್ಧ ಸ್ಕೂಲು ಅಂತ ಹೇಳಿದ್ದು ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ನನ್ನ ಸ್ವಂತ ಅಕ್ಕ. ಅಕ್ಕನಿಗಿಂತ ಮಕ್ಕಳು ದೊಡ್ಡವರು ಅಂತ ನನಗೆ ಕಲಿಸಿದವಳೂ ಅವಳೇ. ಆದ್ದರಿಂದ ಪ್ರಸ್ತಾಪವನ್ನು ನಾನು ಬೆಂಬಲಿಸ್ತೇನೆ."

ಕೆಂಪು ದೀಪ ಆರಿತು.

ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿ ಎಳೆದರು. ಬೇಕರಿಯವರು ತಮಗೇ ನಂಬಿಕೆ ಬಾರದವರಂತೆ ಅಕ್ಕಪಕ್ಕ ನೋಡಿದರು. ಅಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನನ್ನನ್ನು ಯಾರದೋ ಮಗಳನ್ನು ನೋಡುವ ಹಾಗೆ ನೋಡಿದಳು.

"ಸಾರ್ವಜನಿಕರಲ್ಲಿ ಯಾರಾದರೂ ಮಾತಾಡೋದಿದ್ರೆ ಮೂರು ನಿಮಿಷ," ಎಂದರು ಅಧ್ಯಕ್ಷೆ.

ನಾನು ಎದ್ದದ್ದು ಧೈರ್ಯದಿಂದಲ್ಲ. ಅಮ್ಮನ ಪಕ್ಕ ಕೂತಿರಲು ಆಗಲಿಲ್ಲ, ಅದಕ್ಕೆ. ನಡುದಾರಿಯ ಮೈಕಿನ ಮುಂದೆ ಹೋಗಿ ನಿಂತೆ. ಎದುರಿಗೆ ಮಾವ, ಕಾಲು ಚಾಚಿ, ಕುರ್ಚಿಗೆ ಒರಗಿ ಕೂತಿದ್ದರು. ಹಾಗೆ ಕೂತ ಮಾವನ ಮುಂದೆ ಮಾತಾಡುವುದು ನನಗೆ ಗೊತ್ತಿತ್ತು.

ಮಾವನಿಗೆಂದು ಬರೆದ ಉತ್ತರವನ್ನು ನಾನು ಹೇಳಿದೆ. ಸುಮ್ಮನೆ ಕೂತ ಮೂರನೆಯವರು ನಾಲ್ಕನೆಯವರ ಪಾಠವನ್ನು ಒಂದು ವರ್ಷ ಮೊದಲೇ ಕೇಳಿರುತ್ತಾರೆ, ನಾನೂ ಹಾಗೆ ಕೇಳಿಯೇ ಕಲಿತವಳು ಅಂದೆ. ಆರು ವರ್ಷದ ಮಕ್ಕಳು ದಿನಾ ಹೆದ್ದಾರಿ ದಾಟಬೇಕು ಅಂದೆ. "ಸೂಕ್ಷ್ಮದರ್ಶಕ ಬೇಕಾದ್ರೆ ಮಕ್ಕಳ ಹತ್ರ ಬರಬಹುದು. ಅದಕ್ಕೆ ಲಾರಿ ಗುದ್ದಲ್ಲ." ಜನ ನಕ್ಕರು. ಅಧ್ಯಕ್ಷೆಯ ತುಟಿಯೂ ಸ್ವಲ್ಪ ಸಡಿಲವಾಯಿತು. ಆಗ ಮಾವನನ್ನು ನೋಡಿದೆ. ಅವರ ತುಟಿಗಳು ನನ್ನ ಜೊತೆಗೇ ಅಲ್ಲಾಡುತ್ತಿದ್ದವು. ಬಾಯಿಪಾಠ ಅಂದದ್ದು ಸುಳ್ಳಲ್ಲ. ಪ್ರತಿ ಉತ್ತರವೂ ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಬಾಯಿ ಮುಚ್ಚಿಕೊಂಡಿದ್ದರು.

ನಾನು ಮುಗಿಸುತ್ತಿದ್ದಂತೆ ಬೇಕರಿಯವರು ಕೈ ಎತ್ತಿದರು. ಕೆಟ್ಟ ಮನುಷ್ಯರಲ್ಲ. ಮೆತ್ತಗೆ ಕೇಳಿದರು. "ಚೆನ್ನಾಗಿ ಹೇಳಿದೆಯಮ್ಮ. ಆದ್ರೆ ಟೀಚರಮ್ಮ ಇಲ್ಲೇ ಇದ್ದಾರಲ್ಲ. ಶಾಸಕರು ಹೇಳಿದ ಆ ಮಾತು ಅವರು ಆಡಿದ್ದು ಹೌದಾ ಅಲ್ವಾ, ಅವರೇ ಹೇಳ್ಲಿ. ಅಲ್ಲ ಅಂದ್ರೆ ನಾನೂ ಇನ್ನೊಮ್ಮೆ ಯೋಚಿಸ್ತೀನಿ."

ಇಡೀ ಸಭೆ ಅಮ್ಮನ ಕಡೆ ತಿರುಗಿತು. ಒಂದು 'ಇಲ್ಲ' ಸಾಕಿತ್ತು. ಅಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು.

"ಹೇಳಿದ್ದೆ," ಎಂದಳು. "ಮನೇಲಿ ಹೇಳಿದ್ದೆ." ಹೇಳಿ ಕೂತಳು.

ನಾಲ್ಕು ಕೈ ಮೇಲೆದ್ದವು. ನಾಲ್ಕನೆಯದು ಮಾವನದು. ವರ್ಷದ ಕೊನೆಗೆ ಶಾಲೆ ಮುಚ್ಚುವುದೆಂದು ಅಧ್ಯಕ್ಷೆ ಓದಿ ಹೇಳಿ ಮುಂದಿನ ವಿಷಯ ಕೈಗೆತ್ತಿಕೊಂಡರು. ಯಾವುದೋ ಶಾಲೆಯ ಮೈದಾನಕ್ಕೆ ಬೇಲಿ.

ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ ಮಾವ ನಮ್ಮ ಹಿಂದೆಯೇ ಬಂದರು. ಮೊದಲು ಮಾತಾಡಿಸಿದ್ದು ನನ್ನನ್ನು.

"ಜೋರಾಗಿತ್ತು ಮರಿ! ಲಾರಿ ಗುದ್ದಲ್ಲ ಅನ್ನೋದನ್ನ ಮೊದಲೇ ಹೇಳಿಬಿಡಬೇಕಿತ್ತು. ನಗಿಸಿದ ಮೇಲೆ ಜನ ಕಿವಿ ಕೊಡ್ತಾರೆ."

"ನನ್ನ ಕೈಲಿ ಯಾಕೆ ಬರೆಸಿದ್ರಿ?" ಅಂದೆ.

"ಬರೆಸಿದ್ದು ಉತ್ತರ ಕೊಡೋಕೇ. ಆಣೆಯಾಗ್ಲೂ. ಆದ್ರೆ ನೀನು ಬರೆದದ್ದು ನನ್ನನ್ನೇ ಗೆದ್ದುಬಿಡ್ತಲ್ಲ. ನಾನೇನು ಮಾಡ್ಲಿ ಹೇಳು?" ಅವರ ಕಣ್ಣು ಒದ್ದೆಯಾಗಿತ್ತು. ಅವರಿಗೆ ಬೇಕಾದಾಗಲೂ ಕಣ್ಣು ಒದ್ದೆಯಾಗುತ್ತದೆ, ನಿಜವಾಗಿಯೂ ಆಗುತ್ತದೆ. ಇಷ್ಟು ವರ್ಷ ಹತ್ತಿರದಿಂದ ನೋಡಿಯೂ ನನಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಅಮ್ಮ ಅಷ್ಟು ಹೊತ್ತೂ ಮಾವನ ಕಾರಿನ ಬಾನೆಟ್ಟಿಗೆ ಒರಗಿ ಕಾಲಿಗೆ ವಿಶ್ರಾಂತಿ ಕೊಡುತ್ತಿದ್ದಳು. "ಯಾವ ಖಾತೆ ಕೊಡ್ತಾರಂತೆ?" ಎಂದು ಕೇಳಿದಳು.

"ಅಕ್ಕಾ, ಅದಕ್ಕೂ ಇದಕ್ಕೂ ಸಂಬಂಧ..."

"ಶಿಕ್ಷಣನಾ?"

ಮಾವ ಕೈಯಲ್ಲಿದ್ದ ಬೀಗದಕೈಯನ್ನು ತಿರುಗಿಸುತ್ತ ನಿಂತರು. "ಸ್ಕೂಲು ಸೇರಿಸೋದನ್ನ ಮೊದ್ಲು ನಿಮ್ಮೂರಲ್ಲೇ ಮಾಡಿ ತೋರಿಸು ಅಂದ್ರು ಮೇಲಿನವರು, ಅಕ್ಕಾ. ಮಂತ್ರಿ ಆದ್ಮೇಲೆ ನೂರು ಸ್ಕೂಲಿಗೆ ಒಳ್ಳೇದು ಮಾಡಬಹುದು. ನಿನ್ನದೊಂದು..."

"ನನ್ನದೊಂದು," ಎಂದಳು ಅಮ್ಮ. "ಸರಿ. ನಡಿಯೇ, ಬಸ್ಸು ತಪ್ಪಿಹೋಗುತ್ತೆ."

ಕಾರಿನಲ್ಲಿ ಬಿಡುತ್ತೇನೆ ಅಂತ ಮಾವ ಮೂರು ಸಲ ಹೇಳಿದರು. ಅಮ್ಮ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಎರಡು ನಿಲ್ದಾಣ ದಾಟಿದ ಮೇಲೆ, "ಬರೆಯುವಾಗ ಅದು ನಿಜ ಅನ್ನಿಸಿತ್ತಾ ನಿನಗೆ?" ಎಂದಳು.

"ಅವರು ಬಲವಾಗಿ ಬರಿ ಅಂದ್ರು ಅಮ್ಮ."

"ಅದನ್ನ ಕೇಳ್ಲಿಲ್ಲ ನಾನು."

"ಸ್ವಲ್ಪ ಅನ್ನಿಸಿತ್ತು."

"ನನಗೂ ಸ್ವಲ್ಪ ಅನ್ನಿಸುತ್ತೆ," ಎಂದಳು ಅಮ್ಮ. "ನಿನ್ನ ಹತ್ರ ಹೇಳಿದ್ದು ಅದಕ್ಕೇ. ಹೊರಗೆ ಹೇಳೋಕೆ ಆಗಲ್ಲ ಅಂತ." ನಮ್ಮ ನಿಲ್ದಾಣ ಬಂದಾಗ ಅಮ್ಮನೇ ಕೂಗಿ ಬಸ್ಸು ನಿಲ್ಲಿಸಿದಳು.

ಭಾನುವಾರ ಮಾವನ ಫೋನು ಬಂತು. ರಾಜಧಾನಿಯಲ್ಲಿ ದೊಡ್ಡ ಭಾಷಣವಿದೆಯಂತೆ, ಎದುರುಪಕ್ಷವನ್ನು ಕಳಿಸಬೇಕಂತೆ. ಫೋನು ಎತ್ತಿದ್ದು ಅಮ್ಮ. ನಾನು ಬಾಗಿಲ ಹಿಂದೆ ನಿಂತಿದ್ದೆ. "ಬರಲ್ಲ ಅವಳು," ಎಂದಳು. ಆ ಕಡೆಯಿಂದ ಏನೋ ಉದ್ದವಾಗಿ ಕೇಳಿಸಿತು. "ಮುನಿಸೂ ಇಲ್ಲ, ಗಿನಿಸೂ ಇಲ್ಲ. ನಾಳೆಯಿಂದ ನನ್ನ ಸ್ಕೂಲಿಗೆ ಬರ್ತಾಳೆ. ಕೊನೇ ಬೆಂಚಿನವರ ಬರಹ ನೋಡೋಕೆ ಒಬ್ಬರು ಬೇಕು."

ಇದನ್ನು ಅವಳು ನನಗೆ ಹೇಳಿರಲಿಲ್ಲ. ಕೇಳಿಯೂ ಇರಲಿಲ್ಲ. ಇದು ಕ್ಷಮೆಯೋ ಶಿಕ್ಷೆಯೋ ಅಂತ ವಿಚಾರಿಸಲು ನನಗೆ ಧೈರ್ಯ ಸಾಲದು.

ಸೋಮವಾರ ಪ್ರಾರ್ಥನೆಯಾದ ಮೇಲೆ ಅಮ್ಮ ನನ್ನನ್ನು ಎರಡು ತರಗತಿಯ ಕೋಣೆಗೆ ಕರೆದುಕೊಂಡು ಹೋಗಿ, ಕರಿಹಲಗೆಯ ಮುಂದೆ ನಿಲ್ಲಿಸಿ, ತಾನು ಮೇಜಿನ ಹಿಂದೆ ಕೂತಳು. "ಅಲ್ಲಿ ಮೂರು ನಿಮಿಷ ಮಾತಾಡಿದ್ಯಲ್ಲ. ಇವರಿಗೂ ನೀನೇ ಹೇಳು," ಎಂದಳು.

ಎಡಗಡೆ ಮೂರನೆಯವರು, ಬಲಗಡೆ ನಾಲ್ಕನೆಯವರು. ಎಲ್ಲರೂ ಬಾಯಿಗೆ ಬೆರಳಿಟ್ಟುಕೊಂಡು ಕೂತರು. ಮುಂದಿನ ವರ್ಷದಿಂದ ನೀವೆಲ್ಲ ಹೆದ್ದಾರಿಯ ಆಚೆಯ ದೊಡ್ಡ ಶಾಲೆಗೆ ಹೋಗುತ್ತೀರಿ ಅಂದೆ. ಅಲ್ಲಿ ಪ್ರತಿ ತರಗತಿಗೂ ಬೇರೆ ಬೇರೆ ಕೋಣೆ ಇದೆ ಅಂದೆ. ಒಳ್ಳೆಯ ಸೂಕ್ಷ್ಮದರ್ಶಕ ಇದೆ ಅಂದೆ. ನನ್ನ ಬಾಯಿಂದ ಮತ್ತೆ ಅದೇ ಭಾಷಣ ಬರುತ್ತಿತ್ತು, ಈ ಸಲ ಇನ್ನೂ ಚೆನ್ನಾಗಿ.

ಮೂರನೆಯವರ ಕಡೆಯಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರೂ ನಮ್ಮ ಜೊತೆ ಅಲ್ಲಿಗೆ ಬರ್ತಾರಾ ಅಕ್ಕಾ?"

ಆ ಕಡೆಯದೂ ಈ ಕಡೆಯದೂ ಎಲ್ಲಾ ವಾದ ಬರೆದಿದ್ದೆ. ಇದಕ್ಕೊಂದು ಉತ್ತರ ಬರೆದಿರಲಿಲ್ಲ. ಅಮ್ಮನ ಕಡೆ ನೋಡಿದೆ. ಅವಳು ಹಾಜರಿ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

"ಇಲ್ಲ," ಅಂದೆ.

"ಹಾಗಾದ್ರೆ ನಾನೂ ಹೋಗಲ್ಲ," ಎಂದು ಹುಡುಗಿ ಕೈಕಟ್ಟಿ ನಿಂತಳು. ಪಕ್ಕದವಳೂ ಎದ್ದಳು. ಅವಳನ್ನು ನೋಡಿ ಇಡೀ ಬೆಂಚು ಎದ್ದಿತು.

"ಹೋಗ್ಬೇಕು," ಎಂದಳು ಅಮ್ಮ, ಮೇಜಿನ ಹಿಂದಿನಿಂದ. ಧ್ವನಿ ಎಂದಿನದೇ, ಎದ್ದವರೆಲ್ಲ ಒಬ್ಬೊಬ್ಬರಾಗಿ ಕೂತರು. "ಮೂರನೇ ಕ್ಲಾಸು, ಪುಸ್ತಕ ತೆಗೀರಿ. ನಾಲ್ಕನೇ ಕ್ಲಾಸು, ಸದ್ದು ಮಾಡ್ಬೇಡಿ."